ಕಲ್ಲಿನೊಳಗಿನ ದವಡೆ ಹಲ್ಲು

ನಾನು ಹಲ್ಲಿನ ಡಾಕ್ಟರು. ದೆವ್ವ ಗಿವ್ವ ಅಂದವರನ್ನು ಗೇಲಿ ಮಾಡಿಕೊಂಡೇ ಬೆಳೆದವನು. ಹಿತ್ತಲಲ್ಲಿ ಪೈಪಿಗೆಂದು ಅಗೆಸುವಾಗ ಸಿಕ್ಕ ಕಲ್ಲಿನಲ್ಲಿ ದವಡೆಯಂಥದ್ದೇನೋ ಕಂಡಿತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅತ್ತಿಗೆಯನ್ನು ಕರೆದೆ.

"ನಾಲಿಗೆ ತಾಗಿಸಿದರೆ ಗೊತ್ತಾಗತ್ತೆ. ಬರೀ ಕಲ್ಲಾದರೆ ಜಾರತ್ತೆ, ಹಳೇ ಮೂಳೆಯಾದರೆ ಅಂಟತ್ತೆ," ಎಂದವರೇ ನಾಲಿಗೆ ಇಟ್ಟೇಬಿಟ್ಟರು. ಅಂಟಿಕೊಂಡಿತು. ಬಿಡಿಸಿಕೊಂಡಾಗ ಅವರ ಮುಖ ಬಿಳಿಚಿತ್ತು.

"ನೆರಳಲ್ಲಿದ್ದರೂ ಬೆಚ್ಚಗಿದೆ ಕಣೋ, ಬಾಯೊಳಗಿನ ಹಾಗೆ. ಮನುಷ್ಯರು ಹುಟ್ಟೋಕೂ ಮುಂಚಿನ ಕಲ್ಲಿದು!"

ನಾನು ಮಣ್ಣು ತೊಳೆದೆ. ಪಕ್ಕಕ್ಕೆ ತಿರುಚಿಕೊಂಡ ಒಂದು ದವಡೆ ಹಲ್ಲು. ಅದರ ಹುಳುಕಿಗೆ ಯಾರೋ ಬೆಳ್ಳಿ ತುಂಬಿದ್ದರು. ಬೆಳ್ಳಿ ತುಂಬಿದ ಮೇಲೆ ಅಂಚಿನಲ್ಲೊಂದು ಕೊಕ್ಕೆಯಂಥ ಗೀರು ಎಳೆಯುವುದು ನನ್ನ ಚಾಳಿ. ಕಲಿಸಿದ ಮೇಷ್ಟ್ರು ಎಷ್ಟು ಬೈದರೂ ಹೋಗಲಿಲ್ಲ. ಆ ಗೀರು ಅಲ್ಲಿತ್ತು.

ಅಷ್ಟರಲ್ಲಿ ಅತ್ತಿಗೆ ಕೆನ್ನೆ ಹಿಡಿದುಕೊಂಡು ಕುಸಿದು ಕೂತರು. "ಇದ್ದಕ್ಕಿದ್ದಂತೆ ಹಲ್ಲು ಸಿಡೀತಿದೆ. ನಿನ್ನ ಡ್ರಿಲ್ಲಿಗೆ ಹೆದರಿ ಇಷ್ಟು ದಿನ ತಪ್ಪಿಸಿಕೊಂಡೆ. ಇವತ್ತು ತುಂಬಿಬಿಡೋ ಮಾರಾಯ, ತಡೆಯೋಕಾಗ್ತಿಲ್ಲ."

ಟಾರ್ಚ್ ಹಾಕಿ ಅವರ ಬಾಯೊಳಗೆ ನೋಡಿದೆ. ಅದೇ ಹಲ್ಲು, ಅದೇ ತಿರುಚು, ನಡುವೆ ಕಪ್ಪು ಗುಂಡಿ.

ಬೆಳ್ಳಿ ಮಾತ್ರ ಇನ್ನೂ ಇರಲಿಲ್ಲ.