ಕೀಲಿಗೆ ಮರಳಿ ಬಂದ ಕಳ್ಳ

2025ರ ನವೆಂಬರ್ 10, ಸೋಮವಾರ, ಬೆಳಗ್ಗೆ 9.40. ಜವನಗೊಂಡನಹಳ್ಳಿ ಪಕ್ಕದ ಹಟ್ಟಿಯ ಗಂಗಾ ಠಾಣೆಗೆ ಬಂದು ತನ್ನ ಕಾರಿನ ಕಂಪ್ಯೂಟರ್ ಕಳವಾಗಿದೆ ಎಂದು ದೂರು ಕೊಟ್ಟಳು. ಹೆಡ್ ಕಾನ್‌ಸ್ಟೆಬಲ್ ತಿಮ್ಮರಾಯಪ್ಪ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡ. ಅದು ಯಾವ ಕಂಪನಿಯ ಲ್ಯಾಪ್‌ಟಾಪ್ ಎಂದು ಕೇಳಿದಾಗ ಆ ಹೆಣ್ಣುಮಗಳು ಅವನನ್ನು ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟ.

ಸಬ್ ಇನ್‌ಸ್ಪೆಕ್ಟರ್ ರಾಮಾಂಜನೇಯ ಅವಳನ್ನು ಒಳಗೆ ಕೂರಿಸಿ ಮೊದಲಿನಿಂದ ಕೇಳಿದ. ಅವಳದು 2007ರ ಮಾಡೆಲ್‌ನ ಡೀಸೆಲ್ ಕಾರು. ಬಾಡಿಗೆಗೆ ಓಡಿಸುತ್ತಾಳೆ. ಡ್ಯಾಶ್‌ಬೋರ್ಡಿನ ಕೆಳಗೆ ಪುಸ್ತಕದಷ್ಟು ಅಗಲದ ಅಲ್ಯೂಮಿನಿಯಂ ಡಬ್ಬಿಯೊಂದಿರುತ್ತದೆ. ಇಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಎಂದು ಹೇಳುವುದು ಆ ಡಬ್ಬಿಯೇ. ಭಾನುವಾರ ಮಧ್ಯಾಹ್ನ ಹಟ್ಟಿಯಲ್ಲೇ ಇನ್ನೊಂದು ಮನೆಯ ನಾಮಕರಣಕ್ಕೆ ನಡೆದುಹೋಗಿ ಬರುವಷ್ಟರಲ್ಲಿ, ಬೇವಿನ ಮರದ ಕೆಳಗೆ ನಿಂತಿದ್ದ ಕಾರಿನಿಂದ ಯಾರೋ ಅದನ್ನು ಬಿಚ್ಚಿಕೊಂಡು ಹೋಗಿದ್ದರು. ಕಾರಿನ ಕೀಲಿ ಅವಳ ಸೊಂಟದಲ್ಲೇ ಇತ್ತು.

"ಹೊಸದು ಹಾಕಿಸಬಹುದಲ್ಲ?"

"ಕಂಪನಿಯೋರು ಆ ಗಾಡಿ ಮಾಡೋದೇ ನಿಲ್ಸವ್ರೆ ಸಾ. ಡಬ್ಬಿ ಎಲ್ಲೂ ಸಿಗಲ್ಲ."

"ಅಂಥಾ ಅವಸರ ಏನೈತೆ?"

"ನಮ್ಮವ್ವಂಗೆ ಮಂಗಳವಾರ, ಶುಕ್ರವಾರ ದುರ್ಗದಾಗೆ ಡಯಾಲಿಸಿಸ್. ನಾಳೆ ಮಂಗಳವಾರ."

ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಎಫ್‌ಐಆರ್ ಆಯಿತು. ಹನ್ನೆರಡಕ್ಕೆ ಹಟ್ಟಿಯಲ್ಲಿ ಸ್ಥಳ ಪಂಚನಾಮೆ. ಗಾಜು ಒಡೆದಿರಲಿಲ್ಲ. ಎಡಗಡೆಯ ಹಿಂಬಾಗಿಲಿನ ಲಾಕ್ ಕೆಟ್ಟು ವರ್ಷವಾಗಿದೆ ಎಂದು ಗಂಗಾ ಹೇಳಿದಳು. ಡಬ್ಬಿಯ ನಾಲ್ಕು ಬೋಲ್ಟುಗಳನ್ನು ಕಳ್ಳ ನೀಟಾಗಿ ಕಾಲಿಡುವ ಜಾಗದಲ್ಲಿ ಜೋಡಿಸಿಟ್ಟಿದ್ದ. ಕೈ ಪಳಗಿದವನು ಎಂದು ತಿಮ್ಮರಾಯಪ್ಪ ಗೊಣಗಿದ. ಜಗುಲಿಯ ಮೇಲೆ ಗಂಗಾಳ ತಾಯಿ ಚಿತ್ತಮ್ಮ, ಊದಿದ ಕಾಲನ್ನು ಚಾಚಿಕೊಂಡು, ಪೊಲೀಸರನ್ನು ಸುಮ್ಮನೆ ನೋಡುತ್ತಿದ್ದಳು. ರಾಮಾಂಜನೇಯನಿಗೆ ಆ ಕಾಲುಗಳ ಕಡೆ ನೋಡಲಾಗಲಿಲ್ಲ.

ಆ ಕಾರನ್ನು ಯಾವಾಗಲೂ ರಿಪೇರಿ ಮಾಡುವವನು ಅದೇ ಹಟ್ಟಿಯ ಬಾಲರಾಜು. ಹೆದ್ದಾರಿ ಪಕ್ಕದಲ್ಲಿ ಅವನ ಗ್ಯಾರೇಜು, ವಯಸ್ಸು ಐವತ್ತರ ಹತ್ತಿರ. ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಗೆ ಬರೆಸಿದ್ದ: ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡುವುದಿಲ್ಲ. ಸುತ್ತಲ ಹಳ್ಳಿಯ ಡ್ರೈವರುಗಳಿಗೆಲ್ಲ ಅವನ ಮಾತೆಂದರೆ ಮಾತು. ರಾಮಾಂಜನೇಯ ಕುಳಿತು, ಚಹಾ ಕುಡಿದು, ಇಂಥ ಡಬ್ಬಿ ಕದ್ದವನು ಏನು ಮಾಡುತ್ತಾನೆ ಎಂದು ಕೇಳಿದ.

"ಡಬ್ಬಿ ಒಂದಿದ್ರೆ ಸಾಕು ಸಾ, ಯಾವ ಗಾಡಿಗೆ ಬೇಕಾದ್ರೂ ಕೂರಿಸ್ಬೋದು" ಎಂದ ಬಾಲರಾಜು. "ಇಷ್ಟೊತ್ತಿಗೆ ದುರ್ಗದ ಗುಜರಿಗೆ ಹೋಗಿರ್ತೈತೆ. ಅಲ್ಲಿ ಹುಡುಕ್ರಿ."

ಹುಡುಕಿದರು. ಮಂಗಳವಾರ, ಬುಧವಾರ, ಗುರುವಾರ, ಮೂರು ದಿನ ಚಿತ್ರದುರ್ಗದ ಗುಜರಿ ಅಂಗಡಿಗಳ ಮುಂದೆ ಅಲೆದಿದ್ದಾಯಿತು. ಗುಜರಿಯವರು ಗೋಣಿಚೀಲಗಟ್ಟಲೆ ಡಬ್ಬಿ ಸುರಿದು, ಆರಿಸಿಕೊಳ್ಳಿ ಸಾರ್ ಎಂದು ಬೀಡಿ ಹಚ್ಚಿದರು. ಒಂದೂ ಆ ಮಾಡೆಲ್‌ನದಲ್ಲ. ಠಾಣೆಯ ಜೀಪಿಗೋ ದಿನಕ್ಕೆರಡು ಸಲ ತಳ್ಳಿಸಿಕೊಳ್ಳುವ ಚಾಳಿ. ಬುಧವಾರ ಸಂತೆಹೊಂಡದ ಹತ್ತಿರ ಜನರೆದುರಿಗೆ ತಳ್ಳುವಾಗ, ಈ ಜೀಪಿಗೂ ಒಂದು ಕಂಪ್ಯೂಟರ್ ಹಾಕಿಸಿ ಸಾರ್, ಕದ್ದುಕೊಂಡಾದರೂ ಹೋಗಲಿ ಎಂದ ತಿಮ್ಮರಾಯಪ್ಪ. ರಾಮಾಂಜನೇಯನಿಗೆ ನಗು ಬರಲಿಲ್ಲ. ಎಸ್‌ಪಿ ಕಚೇರಿಯಿಂದ ಎರಡು ಸಲ ಫೋನು ಬಂದಿತ್ತು. ಅದಕ್ಕಿಂತ ಮಂಗಳವಾರ ಬೆಳಗ್ಗೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಗಂಗಾ ತಾಯಿಯನ್ನು ಅನಾಮತ್ತಾಗಿ ಎತ್ತಿ ಬಸ್ಸು ಹತ್ತಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದು ಅವನನ್ನು ಹೆಚ್ಚು ತಿನ್ನುತ್ತಿತ್ತು.

ನವೆಂಬರ್ 14, ಶುಕ್ರವಾರ, ಸಂಜೆ 6.15. ಗಂಗಾ ಮತ್ತೆ ಠಾಣೆಗೆ ಬಂದಳು. ಆಸ್ಪತ್ರೆಯಿಂದ ಬಂದು ನೋಡಿದರೆ ಮನೆಯೊಳಗಿದ್ದ ಕಾರಿನ ಕೀಲಿಯೂ ಇಲ್ಲ.

"ಓಡದ ಕಾರಿನ ಕೀಲಿ ಯಾರಿಗೆ ಬೇಕಮ್ಮ?" ರಾಮಾಂಜನೇಯನ ದನಿ ಏರಿತು. "ಎಲ್ಲೋ ಇಟ್ಟು ಮರೆತಿರ್ತೀಯ."

ಅವಳು ಸೆರಗಿನ ಗಂಟು ಬಿಚ್ಚಿ ಕರಿ ಕಂಬಳಿಯ ದಾರವೊಂದನ್ನು ಮೇಜಿನ ಮೇಲಿಟ್ಟಳು. ಅದು ಹಟ್ಟಿಯ ದೇವರು ಜುಂಜಪ್ಪನ ಹರಕೆಯ ದಾರ. ತಾಯಿಗೆ ಕಾಯಿಲೆ ಬಂದಾಗ ಕೀಲಿಗೆ ಕಟ್ಟಿದ್ದು. ಕಾರು ಓಡುವಾಗ ಕೀಲಿ ಸೊಂಟದಲ್ಲಿ, ಕಾರು ನಿಂತಾಗಿನಿಂದ ದೇವರ ಪಟದ ಕೆಳಗಿನ ಮೊಳೆಯಲ್ಲಿ. ಕಳ್ಳ ಕೀಲಿ ಒಯ್ದಿದ್ದ. ದಾರವನ್ನು ಮಾತ್ರ ಗಂಟು ಬಿಚ್ಚಿ, ಅದೇ ಮೊಳೆಗೆ ನೇತುಹಾಕಿ ಹೋಗಿದ್ದ. ಮನೆಯ ಬೀಗ ಮುರಿದಿರಲಿಲ್ಲ, ಬೀಗದ ಕೈ ಅಂಗಳದ ಒರಳಿನಲ್ಲಿ ಇಟ್ಟಲ್ಲೇ ಇತ್ತು.

ರಾಮಾಂಜನೇಯ ಬೈದದ್ದಕ್ಕೆ ನಾಚಿದ. ಹೊರಗಿನ ಕಳ್ಳನಾಗಿದ್ದರೆ ಕೀಲಿಯನ್ನು ದಾರದ ಸಮೇತ ಜೇಬಿಗಿಳಿಸುತ್ತಿದ್ದ. ಇವನಿಗೆ ಒರಳು ಗೊತ್ತು, ಮೊಳೆ ಗೊತ್ತು, ಶುಕ್ರವಾರ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದು ಗೊತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇನ್ನೊಬ್ಬರ ಹರಕೆ ಒಯ್ಯಬಾರದೆಂಬ ಭಯವಿದೆ. ಅಂದರೆ ಹಟ್ಟಿಯವನೇ.

ಆದರೂ ಕೀಲಿ ಯಾಕೆ ಎಂಬುದು ಬಗೆಹರಿಯಲಿಲ್ಲ. ಶನಿವಾರ ಬೆಳಗ್ಗೆ ಚಿತ್ರದುರ್ಗದ ಎತ್ತಪ್ಪ ಎಂಬ ಕಾರ್ ಎಲೆಕ್ಟ್ರಿಷಿಯನ್ ಅದನ್ನು ಎರಡೇ ಮಾತಿನಲ್ಲಿ ಬಗೆಹರಿಸಿದ. ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಡಬ್ಬಿ ತನ್ನ ಚಿಪ್ಪನ್ನು ಮಾತ್ರ ಗುರುತಿಸುತ್ತದೆ. ಬರೀ ಡಬ್ಬಿ ತಂದು ಇನ್ನೊಂದು ಕಾರಿಗೆ ಹಾಕಿದರೆ ಇಂಜಿನ್ ಎರಡು ಸೆಕೆಂಡು ಓಡಿ ನಿಲ್ಲುತ್ತದೆ.

"ಇದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುತ್ತಾ?"

"ಇಲ್ಲ ಸಾ. ನಂಗೆ ಕಲಿಸಿದ್ದೇ ಜವನಗೊಂಡನಹಳ್ಳಿ ಬಾಲರಾಜಣ್ಣ."

ರಾಮಾಂಜನೇಯನಿಗೆ ಅವನ ಗ್ಯಾರೇಜಿನಲ್ಲಿ ಕುಡಿದ ಚಹಾ ನೆನಪಾಗಿ ಮೈಯೆಲ್ಲ ಉರಿಯಿತು. ಮೂರು ದಿನ ತನ್ನನ್ನು ಗುಜರಿಗಳಿಗೆ ಅಟ್ಟಿದ್ದು ಅವನ ಸುಳ್ಳು. ಆದರೆ ಸುಳ್ಳಿಗೆ ಪಂಚನಾಮೆ ಇಲ್ಲ, ಡಬ್ಬಿ ಸಿಗಬೇಕು. ಜಿಲ್ಲೆಯಲ್ಲಿ ಅದೇ ಮಾಡೆಲ್‌ನ ಕಾರುಗಳ ಪಟ್ಟಿಯನ್ನು ಸಾರಿಗೆ ಕಚೇರಿಯಿಂದ ಕೇಳಿದ. ಬಂದದ್ದು ಬುಧವಾರ. ಅಷ್ಟರಲ್ಲಿ ಇನ್ನೊಂದು ಮಂಗಳವಾರ ಬಸ್ಸಿನಲ್ಲೇ ಕಳೆದಿತ್ತು.

ಪಟ್ಟಿಯಲ್ಲಿ ಮೂರೇ ಕಾರು. ಒಂದು ಗಂಗಾಳದು. ಇನ್ನೊಂದು ಹೊಳಲ್ಕೆರೆಯಲ್ಲಿ, ಅಡಿಕೆ ಮಂಡಿಯ ಹಿಂದೆ ಕೆಟ್ಟು ನಿಂತಿತ್ತು, ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮೂರನೆಯದು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ದುರ್ಗೇಶನದು.

ನವೆಂಬರ್ 20, ಗುರುವಾರ, ಬೆಳಗ್ಗೆ 11.30. ದುರ್ಗೇಶ ಯಾವ ಅಳುಕೂ ಇಲ್ಲದೆ ಕಾರಿನ ಬಾಗಿಲು ತೆರೆದು ಡಬ್ಬಿ ತೋರಿಸಿದ. ಅಕ್ಟೋಬರ್ ಕೊನೆಗೆ ಸೈಲೆನ್ಸರ್ ಕ್ಲಾಂಪು ಮುರಿದಿತ್ತು, ಬಾಲರಾಜುವಿನ ಹತ್ತಿರ ವೆಲ್ಡಿಂಗ್ ಮಾಡಿಸಿದ. ಮಾರನೆಯ ದಿನದಿಂದ ಕಾರು ಸ್ಟಾರ್ಟೇ ಆಗಲಿಲ್ಲ. ಹಳೇ ಡಬ್ಬಿ, ಆಯಸ್ಸು ಮುಗಿದಿದೆ, ನಾನೇ ಬೇರೆ ತರಿಸಿ ಹಾಕುತ್ತೇನೆ ಎಂದ ಬಾಲರಾಜು, ಹೋದ ಶನಿವಾರ ಊರಿಗೇ ಬಂದು ಹಾಕಿಕೊಟ್ಟನಂತೆ.

"ಎಷ್ಟು ಕೊಟ್ಟೆ?"

"ಒಂದ್ರೂಪಾಯಿ ಮುಟ್ಲಿಲ್ಲ ಸಾ. ನಂಗೇ ಸಂಕಟ ಆತು."

ಜೊತೆಗೆ ಕರೆತಂದಿದ್ದ ಎತ್ತಪ್ಪ ಸ್ಕ್ಯಾನರ್ ಜೋಡಿಸಿದ. ಡಬ್ಬಿಯೊಳಗಿದ್ದ ಚಾಸಿ ನಂಬರು ಗಂಗಾಳ ಕಾರಿನದು. ಸ್ಟೀರಿಂಗಿನ ಕೆಳಗಿನ ಹೊದಿಕೆ ಬಿಚ್ಚಿದಾಗ ಚಿಪ್ ಯಾವಾಗಲೂ ಹತ್ತಿರವಿರಲೆಂದು ಕರಿ ಟೇಪು ಸುತ್ತಿ ಅಂಟಿಸಿದ್ದ ಗಂಗಾಳ ಕೀಲಿ ಸಿಕ್ಕಿತು. ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆಯಾಯಿತು. ಮತ್ತೋಡಿನಲ್ಲಿ ಇನ್ನೊಂದು ಕಾರು ನಿಂತಿತು.

ಸಂಜೆ 4.20ಕ್ಕೆ ಜೀಪು ಗ್ಯಾರೇಜಿನ ಮುಂದೆ ನಿಂತಾಗ ಬಾಲರಾಜು ಸ್ಪ್ಯಾನರ್ ಒರೆಸುತ್ತಿದ್ದ. ರಾಮಾಂಜನೇಯನ ಕಣ್ಣು ಗೋಡೆಯ ಕೆಂಪು ಅಕ್ಷರಗಳ ಮೇಲೆ ಬಿತ್ತು.

"ದುರ್ಗೇಶನ ಕಾರಿಗೆ ವೆಲ್ಡಿಂಗ್ ಮಾಡಿದಾಗ ಬ್ಯಾಟರಿ ಬಿಚ್ಚಿದ್ಯಾ?"

ಬಾಲರಾಜು ಸ್ಪ್ಯಾನರನ್ನು ಗೋಡೆಯ ಮೊಳೆಗೆ ನೇತುಹಾಕಿದ. "ಇಲ್ಲ ಸಾ. ಒಂದೇ ಚುಕ್ಕಿ ವೆಲ್ಡಿಂಗ್ ಅಲ್ವಾ ಅಂದ್ಕಂಡೆ."

ಬಂಧನದ ಕಾರಣ ತಿಳಿಸಿ, ಹೆಂಡತಿಗೆ ಸುದ್ದಿ ಮುಟ್ಟಿಸಿ ಠಾಣೆಗೆ ಕರೆತಂದರು. ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ್ದ. ಈಗ ತಾನೇ ಬ್ಯಾಟರಿ ಬಿಚ್ಚದೆ, ವೆಲ್ಡಿಂಗಿನ ಕರೆಂಟು ಹರಿಸಿ ಡಬ್ಬಿ ಸುಟ್ಟೆನೆಂದು ದುರ್ಗೇಶನ ಮುಂದೆ ಹೇಳಲು ಬಾಯಿ ಬರಲಿಲ್ಲ. ಹತ್ತು ದಿನ ತುಮಕೂರು, ಬೆಂಗಳೂರು ಎಲ್ಲ ತಿರುಗಿದ, ಡಬ್ಬಿ ಸಿಗಲಿಲ್ಲ. ಗಂಗಾಳ ಕಾರು ನಿಂತರೆ ಅವಳು ತನ್ನ ಹತ್ತಿರವೇ ಬರುತ್ತಾಳೆ, ಆಮೇಲೆ ಎಲ್ಲಿಂದಾದರೂ ಇನ್ನೊಂದು ತಂದು ಹಾಕಿದರಾಯಿತು ಎಂದುಕೊಂಡಿದ್ದ. ರಾಮಾಂಜನೇಯ ಓದಿ ಸಹಿ ಹಾಕಿಸಿದ. ಎರಡು ಮನೆಗಳನ್ನು ಗೋಳುಹೊಯ್ದುಕೊಂಡದ್ದು ಇಷ್ಟಕ್ಕಾ ಎಂದು ಅವನಿಗೆ ರೇಗಿತು.

ಕೀಲಿ ಗುರುತಿಸಲು ಗಂಗಾ ಬಂದಳು. ಕಾರು ಓಡಿಸಲು ಅವಳಿಗೆ ಕಲಿಸಿದವನೂ ಇದೇ ಬಾಲರಾಜು.

"ನಾಳೆ ಶುಕ್ರವಾರ, ಬಾಲರಾಜಣ್ಣ" ಎಂದಷ್ಟೇ ಹೇಳಿ ಹೊರಗೆ ಹೋದಳು.

ಬಾಲರಾಜು ಎರಡೂ ಕೈ ಮುಂದೆ ಚಾಚಿದ. ಹತ್ತು ನಿಮಿಷ ಬಿಡಿ ಸಾ, ಅವಳ ಗಾಡಿಗೆ ಹಾಕಿಕೊಟ್ಟು ಬರುತ್ತೇನೆ, ಕೈಗೆ ಕೋಳ ಬೇಕಾದರೂ ಹಾಕಿರಿ ಎಂದು ಬೇಡಿದ. ತಿಮ್ಮರಾಯಪ್ಪನೂ ಸಾಹೇಬರ ಮುಖ ನೋಡಿದ. ಡಬ್ಬಿ ಈಗ ಕೇಸಿನ ಮುದ್ದೆಮಾಲು, ಕೋರ್ಟಿಗೆ ಒಪ್ಪಿಸಬೇಕಾದ ಸಾಕ್ಷ್ಯ. ಗಂಗಾ ಅರ್ಜಿ ಹಾಕಬೇಕು, ಕೋರ್ಟು ಆದೇಶ ಮಾಡಬೇಕು, ವಾರವಾಗಬಹುದು, ಎರಡಾಗಬಹುದು. ಆಗುವುದಿಲ್ಲ ಎನ್ನುವಾಗ ರಾಮಾಂಜನೇಯನಿಗೆ ತನ್ನ ಮೇಲೇ ಸಿಟ್ಟು ಬಂತು. ನಾಳೆ ಬೆಳಗ್ಗೆ ಆರಕ್ಕೆ ತನ್ನ ಸ್ವಂತ ಕಾರನ್ನು ಹಟ್ಟಿಗೆ ಒಯ್ಯುವಂತೆ ತಿಮ್ಮರಾಯಪ್ಪನಿಗೆ ಕೀಲಿ ಕೊಟ್ಟ.

ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗು ಒತ್ತುವಾಗ ಬಾಲರಾಜು ಲಾಕಪ್ಪಿನ ಸರಳುಗಳ ಹತ್ತಿರ ಬಂದ.

"ಯಾರಾದ್ರೂ ಹಾಕ್ಲಿ ಸಾ. ಮೊದ್ಲು ಬ್ಯಾಟರಿ ಬಿಚ್ಚು ಅಂತ ಹೇಳ್ರಿ."

ಮುದ್ದೆಮಾಲಿನ ಚೀಟಿಯಲ್ಲಿ ಅಪರಾಧ ಸಂಖ್ಯೆಯ ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. ರಾಮಾಂಜನೇಯ ಆ ಮಾತನ್ನು ಅಲ್ಲಿ ಬರೆದ.