ವಿದೇಶಿ ಸಂಪರ್ಕ: ಪಾವನಾ

“ಹೋಗು... ಹೋಗು ಮಾರಾಯ, ನಿಲ್ಬೇಡ!”

ಫೋನಿನಿಂದ ಕಣ್ಣು ಕೀಳದೆಯೇ ಪಾವನಾ ಪಕ್ಕದಲ್ಲಿದ್ದ ಗೆಳತಿ ಲಿನ್‌ಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಲಿನ್ ಟೀ ತರಲು ಎದ್ದುಹೋಗಿ ಐದು ನಿಮಿಷವಾಗಿತ್ತು!

“ಮೊದಲ ಹಂತ ಕಳಚ್ತಾ?” ಎಂದಿತು ಒಂದು ಗಂಡು ದನಿ. ಅದೂ ಕನ್ನಡದಲ್ಲಿ!

ಪಾವನಾ ಬೆಚ್ಚಿ ತಿರುಗಿದಳು. ಅವಳು ಹಿಡಿದಿದ್ದ ಕೈ ಪಕ್ಕದ ಮೇಜಿನ ಯುವಕನದು; ಅವನೂ ಅವಳ ಫೋನನ್ನೇ ನೋಡುತ್ತಿದ್ದ.

“ಅಯ್ಯೋ, ಸಾರಿ... ಕೈ...”

“ರಾಕೆಟ್ ಪೂರ್ತಿ ಮೇಲೆ ಹೋಗೋವರೆಗೂ ಇಟ್ಕೊಳ್ಳಿ, ಪರ್ವಾಗಿಲ್ಲ.”

ಅದು 2018ರ ಮೇ ತಿಂಗಳ ಒಂದು ಭಾನುವಾರ, ಫ್ರೀಮಾಂಟ್‌ನ ಕಾಫಿ ಅಂಗಡಿ. ಚೀನಾದ ಆ ರಾಕೆಟ್ ಹೊತ್ತೊಯ್ದದ್ದು ಚಂದ್ರನ ಹಿಂಬದಿಯಿಂದ ಸಂದೇಶ ದಾಟಿಸುವ ಉಪಗ್ರಹವನ್ನು. ಇದುವರೆಗೆ ಯಾರೂ ಇಳಿಯದ ಆ ಹಿಂಬದಿಗೆ ನೌಕೆಯೊಂದು ಮುಂದಿನ ಜನವರಿಯಲ್ಲಿ ಇಳಿಯಬೇಕಿತ್ತು. ಚಂದ್ರನ ಮಣ್ಣಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಉಡುಪಿಯ ಹುಡುಗಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೇನಿದ್ದೀತು!

ಅವನ ಹೆಸರು ಉದಯ್. ಹತ್ತು ವರ್ಷದವನಿದ್ದಾಗ ಹೆತ್ತವರೊಂದಿಗೆ ಬಂದು ಇಲ್ಲಿಯ ಪೌರನಾದವನು. ಬೆಲ್ವ್ಯೂನ ಒಂದು ರಾಕೆಟ್ ಎಂಜಿನ್ ಕಂಪನಿಯಲ್ಲಿ ಕೆಲಸ.

‘ನೀವು’ ಹೋಗಿ ‘ನೀನು’ ಆಗಲು ತಿಂಗಳೂ ಹಿಡಿಯಲಿಲ್ಲ. ಆದರೆ ಉದಯ್ ಪಾವನಾಗೆ ಅರ್ಥವೇ ಆಗುತ್ತಿರಲಿಲ್ಲ. ಗಂಟೆಗಟ್ಟಲೆ ಹರಟುವವನು, “ಇವತ್ತು ಆಫೀಸಲ್ಲಿ ಏನ್ ಮಾಡ್ದೆ?” ಎಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ನನ್ನ ಮೇಲೆ ನಂಬಿಕೆ ಇಲ್ವಾ? ಬೇರೆ ಯಾರಾದ್ರೂ ಇದ್ದಾರಾ?

ಡಿಸೆಂಬರಿನಲ್ಲಿ ಒಂದು ದಿನ ಅವನೇ ಕೇಳಿದ. “ಪಾವನಾ, ನಿನ್ನ ಪೂರ್ತಿ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು ಹೇಳ್ತೀಯಾ?”

ಪಾವನಾಗೆ ಹೊಳೆದದ್ದು ಒಂದೇ. ಜಾತಕ!

“ಸಮಯ?” ಎಂದಳು ನಾಚುತ್ತ.

“ಸಮಯ ಯಾಕೆ? ಬೇಡ.”

ಊರಿಗೆ ಫೋನ್ ಮಾಡಿದಾಗ ಅಮ್ಮ ಸುಲೋಚನಾ ನಕ್ಕುಬಿಟ್ಟರು. “ಸಮಯ ಇಲ್ಲದೆ ಜಾತಕ ನೋಡುವ ಜೋಯಿಸರು ಯಾರು ಮಾರಾಯ್ತಿ?”

ಪಾವನಾಗೂ ಅದೇ ಗೊಂದಲ. ಆದರೂ ಮನಸ್ಸು ಮಾತ್ರ ಮಂಟಪ ಕಟ್ಟಿ ತೋರಣವನ್ನೂ ಏರಿಸಿಬಿಟ್ಟಿತ್ತು.

ಜನವರಿ ಎರಡರ ಸಂಜೆ. ನೌಕೆ ಇಳಿಯುವುದನ್ನು ಒಟ್ಟಿಗೆ ಕಾಯೋಣವೆಂದು ಉದಯ್ ಕರ್ಕ್‌ಲ್ಯಾಂಡ್‌ನ ತನ್ನ ಮನೆಗೆ ಕರೆದಿದ್ದ. ಇಳಿಯಿತು ಎಂಬ ಸುದ್ದಿ ಒಮ್ಮೆ ಬಂತು, ಸ್ವಲ್ಪ ಹೊತ್ತಿಗೆ ಯಾರೋ ಅದನ್ನು ಅಳಿಸಿಯೂ ಹಾಕಿದರು.

“ಇಳೀತೋ ಇಲ್ವೋ, ಒಂದೂ ತಿಳೀತಿಲ್ವಲ್ಲ!” ಎಂದು ಚಡಪಡಿಸುತ್ತ ಪಾವನಾ ಚಾರ್ಜರ್‌ಗಾಗಿ ಮೇಜು ತಡಕಿದಳು. ಉದಯ್ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಗುಚುತ್ತಿದ್ದ.

ಸಿಕ್ಕಿದ್ದು ಚಾರ್ಜರ್ ಅಲ್ಲ, ಒಂದು ಕಾಗದ. ಮೇಲೆ ದಪ್ಪಕ್ಷರದಲ್ಲಿ ‘ವಿದೇಶಿ ಸಂಪರ್ಕಗಳ ವರದಿ’. ಕೆಳಗೆ ಅವಳ ಹೆಸರು, ಹುಟ್ಟಿದ ತಾರೀಖು, ಉಡುಪಿ...

ಅವಳು ಕಾಗದವನ್ನು ಎತ್ತಿ ಹಿಡಿದಳು. ಜಾತಕವಲ್ಲ, ಇದು ದೂರು!

“ಉದಯ್! ನನ್ನ ಬಗ್ಗೆ ವರದಿ ಮಾಡ್ತಿದೀಯಾ? ನಾನು ಚೀನಾ ರಾಕೆಟ್ ನೋಡ್ತೀನಿ, ಲಿನ್ ನನ್ನ ಫ್ರೆಂಡು ಅಂತ ನನ್ನನ್ನ ಗೂಢಚಾರಿ ಮಾಡಿಬಿಟ್ಯಾ?”

ಅವನು ಸೌಟು ಹಿಡಿದೇ ಓಡಿಬಂದ. “ಪಾವನಾ, ಹಾಗಲ್ಲ...”

“ಇಷ್ಟು ದಿನ ಬಾಯಿ ಬಿಡದೆ ಇದ್ದಿದ್ದು ಇದಕ್ಕೇನಾ?” ಅವಳ ಕಣ್ಣು ತುಂಬಿ ಬಂದಿತ್ತು. ಕೋಟು ಎತ್ತಿಕೊಂಡು ಬಾಗಿಲಿನತ್ತ ನಡೆದಳು.

“ಕೆಲಸದ ವಿಷಯ ಹೊರದೇಶದವರ ಹತ್ರ ಮಾತಾಡೋ ಹಾಗಿಲ್ಲ, ಅದು ಕಾನೂನು. ಹೋಗ್ಬೇಕು ಅಂದ್ರೆ ಹೋಗು... ಆದ್ರೆ ಆ ಕಾಗದದಲ್ಲಿರೋ ಪ್ರಶ್ನೆ ಒಂದ್ಸಲ ಓದಿ ಹೋಗು. ಪ್ಲೀಸ್.”

ಓದಿದಳು. ಸಣ್ಣ ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗುತ್ತಿದ್ದವು. ಬರೀ ಪರಿಚಯದವರನ್ನು ಸೇರಿಸಬೇಕಾಗಿಲ್ಲ. ಪ್ರೀತಿಯ ಬಂಧವಿರುವ ವಿದೇಶಿಯರಿದ್ದರೆ ಮಾತ್ರ ಹೆಸರು ಬರೆಯಿರಿ.

ಮತ್ತೊಮ್ಮೆ ಓದಿದಳು. ಪ್ರೀತಿಯ ಬಂಧ...

“ಹೊಸ ಪ್ರಾಜೆಕ್ಟ್‌ಗೆ ಸೇರ್ಬೇಕಂದ್ರೆ ಸರ್ಕಾರಕ್ಕೆ ಈ ಫಾರ್ಮ್ ಕೊಡ್ಬೇಕು,” ಎಂದ ಉದಯ್ ತಗ್ಗಿದ ದನಿಯಲ್ಲಿ. “ಯಾರೂ ಇಲ್ಲ ಅಂತ ಬರೆದ್ರೆ ವಾರದಲ್ಲಿ ಪಾಸ್. ನಿನ್ನ ಹೆಸರು ಬರೆದ್ರೆ ತಿಂಗಳುಗಟ್ಟಲೆ ವಿಚಾರಣೆ, ಪ್ರಾಜೆಕ್ಟ್ ಕೈ ತಪ್ಪಿದ್ರೂ ತಪ್ಪಬಹುದು. ಆದ್ರೆ ನೀನು ಇಲ್ಲ ಅಂತ ನನ್ನ ಕೈಲಿ ಬರೆಯೋಕೆ ಆಗ್ಲಿಲ್ಲ.”

ಪಾವನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

“ನನಗೆ ಹೇಳೋಕೂ ಮೊದ್ಲು ಸರ್ಕಾರಕ್ಕೆ ಹೇಳೋಕೆ ಹೊರಟಿದ್ಯಾ, ಪೆದ್ದಾ?”

“ನಿನಗೆ ಹೇಳೋಕೆ ಭಯ ಆಯ್ತು. ಸರ್ಕಾರ ಏನ್ ಮಹಾ ಮಾಡತ್ತೆ!”

ಅವಳು ಕೋಟನ್ನು ಕುರ್ಚಿಯ ಮೇಲೆ ಹಾಕಿದಳು. ಆಗಲೇ ಕಾಗದದ ಮೇಲೆ ಖಾಲಿ ಉಳಿದಿದ್ದ ಒಂದು ಜಾಗ ಕಣ್ಣಿಗೆ ಬಿತ್ತು. ‘ಸಂಬಂಧ’ ಎಂಬಲ್ಲಿ ಅವನು ಏನೂ ಬರೆದಿರಲಿಲ್ಲ.

“ಇದ್ಯಾಕೆ ಖಾಲಿ?”

“ಎರಡು ವಾರದಿಂದ ಹಾಗೇ ಇದೆ. ಸ್ನೇಹಿತೆ ಅಂದ್ರೆ ಸುಳ್ಳಾಗತ್ತೆ. ಬೇರೆ ಬರೆಯೋಕೆ... ನಿನ್ನನ್ನ ಕೇಳಿರ್ಲಿಲ್ಲ.”

ಪಾವನಾ ಕಣ್ಣೊರೆಸಿಕೊಂಡು ಅವನ ಕೈಯಿಂದ ಸೌಟು ಕಿತ್ತು ಪೆನ್ನು ಕೊಟ್ಟಳು.

“ಬರ್ಕೋ. ಮದುವೆಯಾಗೋ ಹುಡುಗಿ.”

“ಪಾವನಾ... ನಿಜವಾಗ್ಲೂ?”

“ಸರ್ಕಾರಿ ಕಾಗದದ ಮೇಲೆ ಸುಳ್ಳು ಬರೆಸ್ತೀನಾ?”