ನೆಟ್ಟಗೆ ಕೂತ ಮೊಳೆ

"ಮತ್ತೆ ಪಂಕ್ಚರ್ರಾ?"

ಅವಳು ಕೇಳಿದ ಧಾಟಿಗೆ ಲಾರಿ ಡ್ರೈವರ್ ತಲೆ ತಗ್ಗಿಸಿದ. ಒಂದೇ ತಿಂಗಳಲ್ಲಿ ಇದು ಮೂರನೇ ಸಲ!

ಆ ಹೆದ್ದಾರಿ ಈ ರಾಜ್ಯದ ಮೂಲೆಯನ್ನು ಸುಮ್ಮನೆ ಸವರಿಕೊಂಡು ಹೋಗುತ್ತದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಆಚೆಯ ರಾಜ್ಯ ಬಂದುಬಿಡುತ್ತದೆ. ನಿಲ್ಲುವವರೇ ಇಲ್ಲ. ಇರುವುದೊಂದು ಟೈರ್ ಅಂಗಡಿ. ಅಪ್ಪ ಸೊಂಟನೋವೆಂದು ಮಲಗಿದ ಮೇಲೆ ಅದನ್ನು ನಡೆಸುತ್ತಿರುವವಳು ಅವಳೇ.

ಈಚೆಗೆ ಯಾರೋ ಗುಲ್ಲೆಬ್ಬಿಸಿದ್ದರು, ಅಂಗಡಿಯವಳೇ ರಸ್ತೆಗೆ ಮೊಳೆ ಚೆಲ್ಲುತ್ತಾಳೆ ಎಂದು. ಇನ್ನೊಂದು ದೂರು ಬಂದರೆ ಅಂಗಡಿ ಎತ್ತಿಸುತ್ತೇವೆ ಎಂದು ಹೆದ್ದಾರಿ ಕಚೇರಿಯವರು ಗದರಿಸಿ ಹೋಗಿದ್ದರು. ಅಂದಿನಿಂದ ಅವಳಿಗೆ ಎಲ್ಲರ ಮೇಲೂ ಅನುಮಾನ. ಈ ಸಾಧು ಮುಖದವನ ಮೇಲಂತೂ ಒಂದು ಕೈ ಜಾಸ್ತಿ.

'ಇವನು ಕಚೇರಿಯವರ ಕಡೆಯವನಾ... ಅದಕ್ಕೇ ಇಷ್ಟು ನಯವಾಗಿ ಮಾತಾಡ್ತಾನಾ?'

ಹಾಗಂದುಕೊಂಡಾಗ ಎದೆ ಚುರುಕ್ ಎಂದಿತು. ಅವನ ಲಾರಿಯ ಹಾರ್ನ್ ಅವಳಿಗೆ ದೂರದಿಂದಲೇ ಗುರುತು ಸಿಗುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಟೈರು ತಿರುಗಿಸಿ ನೋಡಿದಳು. ಓಡುವ ಚಕ್ರಕ್ಕೆ ಮೊಳೆ ಓರೆಯಾಗಿ ನುಗ್ಗುತ್ತದೆ. ಇದು ಕ್ಯಾಲೆಂಡರ್ ನೇತುಹಾಕಲು ಗೋಡೆಗೆ ಹೊಡೆದ ಹಾಗೆ ನೆಟ್ಟಗೆ ಕೂತಿತ್ತು.

"ನೀವೇ ಹೊಡ್ಕೊಂಡಿದ್ದು, ಅಲ್ವಾ?" ಅವಳು ಮೊಳೆ ಕಿತ್ತು ಅವನ ಮುಂದೆ ಹಿಡಿದಳು. "ಯಾರು ಕಳಿಸಿದ್ರು? ನಮ್ಮ ಹೊಟ್ಟೆ ಮೇಲೆ ಹೊಡೆದ್ರೆ ನಿಮಗೇನು ಸಿಗುತ್ತೆ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಯಾರೂ ಕಳಿಸಿಲ್ಲ. ಮೊದಲನೇ ಸಲ ನಿಜವಾಗ್ಲೂ ಪಂಕ್ಚರ್ ಆಗಿತ್ತು. ಆಮೇಲೆ... ನಿಮ್ಮನ್ನ ನೋಡೋಕೆ ನಿಲ್ಲಬೇಕು ಅಂದ್ರೆ ನೆಪ ಬೇಕಲ್ಲ. ಇಲ್ಲಿ ಒಂದು ಟೀ ಅಂಗಡೀನೂ ಇಲ್ಲ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಸಿಟ್ಟೇ ಮೊದಲು ಬಂತು.

"ನಾನೇ ಮೊಳೆ ಚೆಲ್ತೀನಿ ಅಂತ ಹೆದ್ದಾರಿ ಕಚೇರಿಗೆ ದೂರು ಹೋಗಿದೆ. ಇಲ್ಲಿ ಪಂಕ್ಚರ್ ಜಾಸ್ತಿ ಅಂತ ಯಾರ ಹತ್ರ ಹೇಳಿದ್ರಿ?"

"ಯಾಕೆ ತಡ ಅಂತ ಲಾರಿ ಮಾಲೀಕರು ಕೇಳಿದ್ರು... ಹೇಳಿದೆ."

ಹೇಳುತ್ತಲೇ ಅವನಿಗೆ ಹೊಳೆಯಿತು, ಗುಲ್ಲು ಹುಟ್ಟಿದ್ದು ತನ್ನ ಬಾಯಿಂದಲೇ. ಒಂದು ಮೈಲಿ ಆಚೆಯ ಹೆದ್ದಾರಿ ಕಚೇರಿಯ ಕಡೆ ನಡೆದ. ಅವಳು ಗೊಣಗುತ್ತಲೇ ತೇಪೆ ಹಾಕಿದಳು. 'ತಪ್ಪಿಸಿಕೊಂಡು ಹೋದನಾ?' ಎಂಬ ಅನುಮಾನ ಆಗಲೂ ಬಿಡಲಿಲ್ಲ. ಲಾರಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ, ಪಾಪ!

ಅವನು ಬೆವರು ಒರೆಸಿಕೊಳ್ಳುತ್ತಾ ವಾಪಸು ಬಂದ.

"ಕಚೇರೀಲಿ ಎಲ್ಲಾ ಒಪ್ಕೊಂಡೆ. ನಿಮ್ಮ ತಂಟೆಗೆ ಇನ್ನು ಬರಲ್ಲ ಅಂದ್ರು. ಮಾಲೀಕರಿಗೂ ಫೋನ್ ಮಾಡಿ ಹೇಳಿದೆ. ನನ್ನನ್ನ ಈ ದಾರಿಯಿಂದ ತೆಗೆದುಹಾಕಿದ್ದಾರೆ."

ಅವಳ ಕೈ ಟೈರಿನ ಮೇಲೆ ನಿಂತುಹೋಯಿತು. ಅಂಗಡಿ ಉಳಿದಿತ್ತು. ಆದರೂ ಏನೋ ಕಳೆದುಹೋದ ಹಾಗಾಯಿತು.

"ಇನ್ಮೇಲೆ ಬರಲ್ವಾ?"

"ಲಾರಿ ಬರಲ್ಲ."

"ನಾನು ಕೇಳಿದ್ದು ನಿಮ್ಮ ಬಗ್ಗೆ."

ಅವನು ಮೊದಲ ಸಲ ಕತ್ತೆತ್ತಿ ನೇರವಾಗಿ ನೋಡಿದ. "ಬಸ್ಸು ಇಲ್ಲಿ ನಿಲ್ಲಲ್ವಲ್ಲ..."

"ಯಾವತ್ತು ಬರ್ತೀರಿ, ಅಷ್ಟು ಹೇಳಿ," ಎಂದಳು. "ಕೈ ಅಡ್ಡ ಹಾಕಿ ನಾನು ನಿಲ್ಲಿಸ್ತೀನಿ."